ಟಿಕ್‌ಟಿಕ್ ಮಾಮ ಹೇಳಿದ ಪಾಠ

ಸಂಡೇ ಸ್ಕೂಲ್ ಟೀಚರಿಗೆ ಗಂಟಲು ಕಟ್ಟಿತು, ಅದೂ ತಾಯಂದಿರ ಭಾನುವಾರದ ದಿನವೇ. ಮಕ್ಕಳು ಸಭೆಯ ಮುಂದೆ ನಿಂತು ತಮ್ಮ ಅಮ್ಮಂದಿರ ಬಗ್ಗೆ ಒಂದೊಂದು ಒಳ್ಳೆಯ ಮಾತು ಹೇಳಬೇಕು. ಹೇಳಿಕೊಡಬೇಕಾದವಳ ಬಾಯಿಂದ ಬರೀ ಗಾಳಿ ಬರುತ್ತಿದೆ. ಪಾದ್ರಿಗಳು ಬೆಳಗಾಗುತ್ತಲೇ ಗಡಿಯಾರ ರಿಪೇರಿಯವನ ಬಾಗಿಲು ತಟ್ಟಿದರು.

“ಇವತ್ತೊಂದಿನ ಮಕ್ಕಳನ್ನ ನೀನು ಸುಧಾರಿಸಬೇಕಪ್ಪ.”

ಬೇರೆ ದಿನವಾಗಿದ್ದರೆ ಅವನು ಏನಾದರೊಂದು ಕುಂಟುನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಆದರೆ ಆ ಟೀಚರನ್ನೇ ಮದುವೆಯಾಗಬೇಕೆಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು. ಅವಳಿಗೂ ಮನಸ್ಸಿತ್ತು. ಅಡ್ಡ ನಿಂತಿದ್ದವಳು ಅವಳ ಅಕ್ಕ. ತಂಗಿಯನ್ನು ಸಾಕಿ ಬೆಳೆಸಿದವಳು ಅವಳೇ, ಅವಳು ಹಾಕಿದ ಗೆರೆ ಆ ಮನೆಯಲ್ಲಿ ಯಾರೂ ದಾಟುವಂತಿರಲಿಲ್ಲ. ಕೇಳಿದಾಗಲೆಲ್ಲ “ನೋಡೋಣ” ಎನ್ನುವಳು. ಆರಾಧನೆ ಮುಗಿದ ಮೇಲೆ ಚಹಾದ ಜೊತೆಗೆ ಪ್ರತಿ ವಾರ ಅವಳು ತರುತ್ತಿದ್ದ ಕೇಕಿಗೆ ಇಡೀ ಸಭೆ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿತ್ತು. ಹಾಗಾಗಿ ಅವಳು ಎಲ್ಲರಿಗೂ ಕೇಕಕ್ಕ. ಇವತ್ತು ಅವಳ ಕಣ್ಣೆದುರು ಮಕ್ಕಳನ್ನು ಮಿಂಚಿಸಿಬಿಟ್ಟರೆ ‘ನೋಡೋಣ’ ಹೋಗಿ ‘ಆಗಲಿ’ ಆಗುತ್ತದೆ ಎಂದು ಅವನ ಲೆಕ್ಕ.

ತನ್ನ ಸ್ವಂತ ತಾಯಿ ಒಪ್ಪುತ್ತಾಳೋ ಇಲ್ಲವೋ ಎಂದು ಅವನು ಯೋಚಿಸಿಯೇ ಇರಲಿಲ್ಲ. ಅಮ್ಮ ತಾನೆ, ಒಪ್ಪದೆ ಎಲ್ಲಿಗೆ ಹೋಗುತ್ತಾಳೆ.

ಆ ಅಮ್ಮ ಅಂದು ತಾನೂ ಒಂದು ಕೇಕ್ ಮಾಡಿ ಡಬ್ಬಿಗೆ ಹಾಕುತ್ತಿದ್ದಳು.

“ಅದನ್ನ ಯಾಕಮ್ಮ ಹೊತ್ಕೊಂಡು ಬರ್ತೀಯ? ಕೇಕಕ್ಕನ ಕೇಕ್ ಇದ್ದೇ ಇರುತ್ತಲ್ಲ. ಆ ಕೈರುಚಿ ಎಲ್ಲರಿಗೂ ಬರಲ್ಲ. ಅಳಿಯ ಆದ್ರೆ ಅಂಥ ಕೈರುಚಿ ಇರೋ ಮನೆಗೇ ಆಗಬೇಕು.”

“ನಂದೂ ಒಂದು ಚೂರು ತಿಂದು ನೋಡೋ.”

“ಹೋದ ಸಲ ತಿಂದಿದ್ದೆನಲ್ಲ, ಹಲ್ಲು ಇನ್ನೂ ನೋಯ್ತಿದೆ.”

ಅಮ್ಮ ಮುಚ್ಚಳ ಒತ್ತಿದಳು. ಅವಳೇ ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು, ಮಗ ಕನ್ನಡಿಯ ಮುಂದೆ ನಿಂತು ತಾಯಿಯ ಹಿರಿಮೆಯ ಬಗ್ಗೆ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡ.

ಚರ್ಚಿನ ಪಕ್ಕದ ಕೋಣೆಯಲ್ಲಿ ಮಕ್ಕಳು ಕಾಯುತ್ತಿದ್ದವು. “ಟಿಕ್‌ಟಿಕ್ ಮಾಮ ಬಂದ” ಎಂದು ಕೂಗಿ ಅವನನ್ನು ಮಕ್ಕಳ ಕುರ್ಚಿಯಲ್ಲೇ ಕೂರಿಸಿದವು. ಒಬ್ಬೊಬ್ಬರನ್ನೇ ಕೇಳಿದ. ಎಲ್ಲರದ್ದೂ ಒಂದೇ ರಾಗ: “ನಮ್ಮಮ್ಮ ಒಳ್ಳೆಯವಳು.” ಇದಕ್ಕೆಲ್ಲ ಕೇಕಕ್ಕ ಕರಗುವವಳಲ್ಲ.

“ಹಾಗಲ್ಲ ಮಕ್ಕಳೆ. ಅಮ್ಮ ಯಾರಿಗೂ ಹೇಳದೆ ಎಷ್ಟೊಂದು ಮಾಡ್ತಾಳಲ್ಲ, ಅದನ್ನ ಹೇಳಿ.”

ಕೇಕಕ್ಕನ ಪುಟ್ಟ ಮಗಳು ಹುಬ್ಬು ಗಂಟಿಕ್ಕಿದಳು. “ಯಾರಿಗೂ ಹೇಳದೆ ಮಾಡಿದ್ದನ್ನ ಹೇಳಬಹುದಾ ಮಾಮ?”

“ಹೇಳಲೇಬೇಕು ಪುಟ್ಟಿ. ಎಲ್ಲರಿಗೂ ಕೇಳೋ ಹಾಗೆ ಹೇಳಬೇಕು.”

ಮಕ್ಕಳ ಮುಖ ಅರಳಿತು. ಏನು ಹೇಳುತ್ತಾರೆಂದು ಕೇಳಿ ನೋಡೋಣವೆಂದರೆ ಅಷ್ಟರಲ್ಲಿ ಗಂಟೆ ಹೊಡೆಯಿತು. ಅವನು ಎದ್ದರೆ ಕುರ್ಚಿಯೂ ಜೊತೆಗೇ ಎದ್ದಿತು. ಅದನ್ನು ಕಿತ್ತು ಓಡಿಬರುವಷ್ಟರಲ್ಲಿ ಮಕ್ಕಳು ಮೈಕಿನ ಮುಂದೆ ಸಾಲಾಗಿ ನಿಂತಾಗಿತ್ತು.

“ನಮ್ಮಮ್ಮ ಯಾರಿಗೂ ಹೇಳದೆ ಹಾಡುವಾಗ ಬರೀ ಬಾಯಿ ಆಡಿಸ್ತಾಳೆ,” ಎಂದಿತು ಗಾಯಕರ ಮುಂದಾಳುವಿನ ಮಗು. ಮುಂದಾಳು ಹಾಡಿನ ಪುಸ್ತಕವನ್ನು ಮುಖಕ್ಕೆ ಹಿಡಿದಳು.

ಪಾದ್ರಿಗಳ ಮಗ ಮುಂದೆ ಬಂದ. “ನಮ್ಮಮ್ಮ ಯಾರಿಗೂ ಹೇಳದೆ ಅಪ್ಪನ ಉಪದೇಶದ ಒಂದೆರಡು ಹಾಳೆ ಬಚ್ಚಿಡ್ತಾಳೆ. ಇಲ್ಲಾಂದ್ರೆ ಮುಗಿಯೋದೇ ಇಲ್ಲವಂತೆ.”

ಪಾದ್ರಿಗಳು ಕೈಯಲ್ಲಿದ್ದ ಹಾಳೆಗಳನ್ನು ತಿರುವಿ ನೋಡಿದರು. ಹಿಂದಿನ ಬೆಂಚಿನಿಂದ ಯಾರೋ ಮನಸಾರೆ “ಆಮೆನ್” ಎಂದರು.

ಮುಂದಿನ ಸರದಿ ಪುಟ್ಟಿಯದು. ಗಡಿಯಾರ ರಿಪೇರಿಯವನು ಕೈಸನ್ನೆ ಮಾಡಿದ, ಬೇಡವೆಂದು ತಲೆಯಾಡಿಸಿದ, ಬಾಯಿಗೆ ಬೆರಳಿಟ್ಟ. ಇನ್ನೂ ಗಟ್ಟಿಯಾಗಿ ಹೇಳು ಎನ್ನುತ್ತಿದ್ದಾನೆಂದು ತಿಳಿದ ಪುಟ್ಟಿ ಮೈಕನ್ನು ಬಾಯಿಗೇ ಹಚ್ಚಿಕೊಂಡಳು.

“ನಮ್ಮಮ್ಮ ಯಾರಿಗೂ ಹೇಳದೆ ಬೇಕರಿಯಿಂದ ಕೇಕ್ ತರ್ತಾಳೆ. ಕಾಗದ ಬಿಚ್ಚಿ ನಮ್ಮ ತಟ್ಟೆಗೆ ಹಾಕ್ತಾಳೆ. ಆಮೇಲೆ ಅಂಚು ಚೂರು ಮುರೀತಾಳೆ, ಮನೇದು ಅನ್ನಿಸಬೇಕಲ್ಲ.”

ಚಪ್ಪಾಳೆ ಬೀಳಲಿಲ್ಲ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನ್ನಿಸಿತು ಅವನಿಗೆ.

ಚಹಾದ ಹೊತ್ತಿಗೆ ಅವನು ಕಂಬದ ಮರೆಯಲ್ಲಿ ನಿಂತಿದ್ದ. ಕೇಕಕ್ಕ ಹುಡುಕಿಕೊಂಡೇ ಬಂದಳು. ಹಿಂದೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ಟೀಚರ್.

“ತಪ್ಪಾಯ್ತಕ್ಕ,” ಎಂದ ಅವನು.

“ಬಿಡಪ್ಪ. ಮೊದಲನೇ ಸಲ ಮಾಡಿದ ಕೇಕ್ ಸೀದುಹೋಯ್ತು ಅಂತ ಬೇಕರಿಯದು ತಂದೆ. ಎಲ್ಲರೂ ಹೊಗಳಿಬಿಟ್ರು, ಆಮೇಲೆ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ. ಪ್ರತಿ ಭಾನುವಾರ ಎದೆ ಡವಡವ. ಇವತ್ತು ತಲೆ ಮೇಲಿನ ಹೊರೆ ಇಳೀತು. ಮದುವೆಗೆ ನಂದೇನೂ ಅಡ್ಡಿ ಇಲ್ಲ. ನಿಮ್ಮಮ್ಮ ಏನಂತಾರೆ?”

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. “ಅಮ್ಮಂದೇನಕ್ಕ, ಅವಳ ಒಪ್ಪಿಗೆ ಇದ್ದೇ ಇದೆ.”

“ನನ್ನ ಯಾವಾಗ ಕೇಳಿದೆ?”

ಅಮ್ಮ ಡಬ್ಬಿ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ಅವಳು ಕೇಕಕ್ಕನ ಕಡೆ ತಿರುಗಿದಳು. “ನಿಮ್ಮ ಮೇಲೆ ನಂಗೆ ಬೇಜಾರಿಲ್ಲಮ್ಮ. ನಿಮ್ಮ ತಂಗಿಯಂತೂ ಬಂಗಾರ. ಆದ್ರೆ ಇವನು ಬೆಳಿಗ್ಗೆ ತಾನೇ ಹೇಳಿದಾನೆ, ಆ ಕೈರುಚಿ ಇರೋ ಮನೆಗೇ ಅಳಿಯ ಆಗ್ತೀನಿ ಅಂತ. ಮಗನ ಆಸೆಗೆ ನಾನ್ಯಾಕೆ ಅಡ್ಡ ಬರಲಿ? ಆ ಬೇಕರಿಯವರಿಗೆ ಮದುವೆ ವಯಸ್ಸಿನ ಮಗಳಿದ್ದಾಳಾ, ಸ್ವಲ್ಪ ವಿಚಾರಿಸಿ.”

ಟೀಚರ್ ಅವನ ಪರವಾಗಿ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಅಷ್ಟರಲ್ಲಿ ನಗುವೂ ಬಂದುಬಿಟ್ಟಿತು. ಅಮ್ಮ ಡಬ್ಬಿ ತೆರೆದು ಅವಳಿಗೊಂದು, ಕೇಕಕ್ಕನಿಗೊಂದು ತುಂಡು ಕೊಟ್ಟಳು. ತಿಂದ ಕೇಕಕ್ಕ ಕೈಬೀಸಿ ಉಳಿದವರನ್ನೂ ಕರೆದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಬೇಕರಿಯವನೂ ಬಂದು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿದ.

“ನಂಗೆ ಮೂರೂ ಗಂಡು ಮಕ್ಕಳು ತಾಯಿ,” ಎಂದ ಸಂಕೋಚದಿಂದ. “ಇದನ್ನ ಹೇಗೆ ಮಾಡಿದ್ರಿ, ಸ್ವಲ್ಪ ಹೇಳ್ಕೊಡ್ತೀರಾ?”

ಕೊನೆಯ ತುಂಡೊಂದು ಉಳಿದಿತ್ತು. ಗಡಿಯಾರ ರಿಪೇರಿಯವನು ಮೆಲ್ಲಗೆ ಕೈ ಚಾಚಿದ.

ಅಮ್ಮ ಮುಚ್ಚಳ ಒತ್ತಿದಳು. “ಬೇಡ ಮಗಾ, ನಿನಗೆ ಹಲ್ಲು ನೋವು.”