ಡಾಕ್ಟರ ಫೋನು ಸುಮ್ಮನಾದದ್ದು

ಫೋನು ಕೆಟ್ಟಿದೆ ಎಂದೇ ಆಕೆ ಅಂದುಕೊಂಡಳು. ಚಾರ್ಜಿಗೆ ಹಾಕಿದಳು. ಸಿಮ್ಮು ತೆಗೆದು ಒರೆಸಿ ಮತ್ತೆ ಹಾಕಿದಳು. ಕೊನೆಗೆ ಅಂಗಡಿಗೆ ಒಯ್ದಳು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಫೋನ್ ಗಟ್ಟಿಮುಟ್ಟಾಗಿದೆ ಅಮ್ಮ. ಯಾರೂ ಮಾಡ್ತಿಲ್ಲ, ಅಷ್ಟೆ" ಅಂದ. ಇಂಥ ಮಾತು ಹೇಳೋಕೆ ಇವನಿಗೊಂದು ಅಂಗಡಿ ಬೇರೆ ಕೇಡು ಎಂದು ಗೊಣಗಿಕೊಂಡು ಮನೆಗೆ ಬಂದಳು.

ಆ ಫೋನು ಯಜಮಾನರದು. ಅವರು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಎಲ್ಲರೂ ಅವರನ್ನು ಡಾಕ್ಟರು ಅನ್ನುತ್ತಿದ್ದರು. (ಮನುಷ್ಯರ ಡಾಕ್ಟರಿಗಿಂತ ಇವರ ಪಾಡು ವಾಸಿ. ರೋಗಿ ಎದುರು ಮಾತಾಡುತ್ತಿರಲಿಲ್ಲ.) ಬೋರ್ಡು ಬರೆಯುವ ತಮ್ಮನ ಕೈಲಿ ಒಂದು ವೆಬ್‌ಸೈಟು ಮಾಡಿಸಿದ್ದರು. ದಾರ ತುಂಡಾದರೆ ಒಂದು ಪುಟ. ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಒಂದು ಪುಟ. ಮೆಷಿನ್ ಕಿರುಗುಟ್ಟಿದರೆ ಇನ್ನೊಂದು. ಇಂಟರ್ನೆಟ್ಟಿನಲ್ಲಿ ಯಾರು ಹುಡುಕಿದರೂ ಮೊದಲು ಕಾಣುತ್ತಿದ್ದುದು ಡಾಕ್ಟರ ಸೈಟೇ.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಸೈಟಿಗೆ ಅದು ಗೊತ್ತಾಗಲಿಲ್ಲ. ಫೋನು ಬರುತ್ತಲೇ ಇತ್ತು.

"ಡಾಕ್ಟರಿದಾರಾ?"

"ಹೊರಗೆ ಹೋಗಿದಾರೆ. ಏನಾಗಿದೆ ಹೇಳಿ."

ಯಜಮಾನರ ಪಕ್ಕ ಕೂತು ದೀಪ ಹಿಡಿದು, ಸ್ಕ್ರೂ ಎತ್ತಿಕೊಟ್ಟು ಆಕೆಗೂ ವಿದ್ಯೆ ಬಂದಿತ್ತು. ಸೂಜಿ ಉಲ್ಟಾ ಹಾಕಿದೀರಿ, ತಿರುಗಿಸಿ ಅನ್ನುವಳು. ಅತ್ತಲಿನವರು ಖುಷಿಯಾಗಿ, "ಡಾಕ್ಟರು ಬಂದ್ಮೇಲೆ ಹೇಳ್ತೀರಾ?" ಅನ್ನುವರು. "ಹೇಳ್ತೀನಿ." ಫೋನು ಇಡುವ ತನಕ ಡಾಕ್ಟರು ಹೊರಗೆ ಹೋದ ಮನುಷ್ಯ. ಇಟ್ಟ ಮೇಲೆ ಸತ್ತ ಮನುಷ್ಯ. ಆಕೆಗೆ ಬೇಕಾಗಿದ್ದು ಫೋನು ಎತ್ತಿ ಇಡುವ ನಡುವಿನ ಆ ಹೊತ್ತು. ಈಗ ಅದೇ ಇಲ್ಲ.

ಮೈದುನನನ್ನು ಕರೆಸಿದಳು. ಅವನು ಕಂಪ್ಯೂಟರ್ ತೆರೆದು ತಲೆ ಕೆರೆದುಕೊಂಡ.

"ಅತ್ತಿಗೆ, ಇಂಟರ್ನೆಟ್ಟಲ್ಲಿ ಹುಡುಕಿ ಕೊಡೋ ಕಂಪನಿಯವರು ಯಾರ ಸೈಟು ಮೇಲೆ ಬರಬೇಕು ಅನ್ನೋ ಲೆಕ್ಕಾಚಾರ ಬದಲಾಯಿಸಿದಾರೆ. ನಮ್ಮ ಸೈಟು ಅವರ ಪಟ್ಟೀಲಿ ಆರನೇ ಪುಟಕ್ಕೆ ಬಿದ್ದಿದೆ."

"ಬಿದ್ದಿದ್ರೆ ಎತ್ತೋ."

"ಎತ್ತೋಕೆ ಅದೇನು ಮಂಚಾನಾ?"

"ಆರನೇ ಪುಟಕ್ಕೆ ಜನ ಹೋಗಲ್ವಾ?"

"ನಾನೇ ಹೋಗಲ್ಲ. ಸೈಟು ಮಾಡಿದೋನು."

ತಪ್ಪು ಅಣ್ಣನದೇ ಎಂದು ಅವನು ಮೆಲ್ಲಗೆ ಬಿಡಿಸಿ ಹೇಳಿದ. ಒಂದೇ ಮಾತನ್ನು ಮತ್ತೆ ಮತ್ತೆ ತುರುಕಿದರೆ ಮೇಲೆ ಕಾಣುತ್ತಿದ್ದ ಕಾಲವೊಂದಿತ್ತು. ಅದಕ್ಕೇ ಡಾಕ್ಟರು "ಹೊಲಿಗೆ ಮೆಷಿನ್ ರಿಪೇರಿ ಬೇಕಾದವರಿಗೆ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹೊಲಿಗೆ ಮೆಷಿನ್ ರಿಪೇರಿಯವರು" ಎಂದು ಬರೆಸಿದ್ದರು. ಅರ್ಧ ರೋಗ ಹೇಳಿ, ಔಷಧಿ ಬರುವಷ್ಟರಲ್ಲಿ "ಉಳಿದದ್ದು ಫೋನಿನಲ್ಲಿ" ಎಂದು ನಿಲ್ಲಿಸಿದ್ದರು. ಈಗ ಕಂಪನಿಗೆ ಪೂರ್ತಿ ಉತ್ತರ ಬೇಕು.

"ನಾನು ಬರೀತೀನಿ ಬಿಡಿ" ಎಂದು ಮೈದುನ ಅಂಗಿ ತೋಳು ಮಡಿಸಿ ಶುರು ಮಾಡಿದ. "ಮಾನವ ನಾಗರಿಕತೆಯ ಬೆಳವಣಿಗೆಯಲ್ಲಿ ಹೊಲಿಗೆ ಯಂತ್ರದ ಪಾತ್ರ ಅಪಾರವಾದುದು..." ಸೈಟು ಒಂಬತ್ತನೇ ಪುಟಕ್ಕೆ ಇಳಿಯಿತು.

"ಮೆಷಿನ್ ಕಿರುಗುಡ್ತಿರೋವಾಗ ನಾಗರಿಕತೆ ಯಾರಿಗೆ ಬೇಕೋ?" ಅಂದಳು ಆಕೆ.

"ಹಾಗಾದ್ರೆ ನೀವೇ ಹೇಳಿ. ಕೈಯಾರೆ ಕೆಲಸ ಗೊತ್ತಿರೋರು ಹೇಳಿದ್ರೆ ಕಂಪನಿಯವರಿಗೆ ಇಷ್ಟವಂತೆ."

"ನಾನು ಓದಿದ್ದು ಮೂರನೇ ಕ್ಲಾಸು."

"ಕಂಪನಿ ಅದನ್ನ ಕೇಳಲ್ಲ."

ಆಕೆ ಹೇಳಿದಳು. ಅವನು ಟೈಪು ಮಾಡಿದ.

"ದಾರ ತುಂಡಾಗ್ತಿದೆಯಾ? ಮೆಷಿನ್ನಿಗೆ ಬೈಬೇಡಿ. ಸೂಜಿ ತೆಗೀರಿ. ತುದೀನ ಉಗುರಿನ ಮೇಲೆ ಎಳೀರಿ. ಗೀರಿದ್ರೆ ಸೂಜಿ ಹಾಳಾಗಿದೆ, ಹೊಸದು ಹಾಕಿ. ಚಪ್ಪಟೆ ಬದಿ ಮೊದಲು ಯಾವ ಕಡೆ ಇತ್ತೋ ಅದೇ ಕಡೆ ಇರಲಿ. ಆಗಲೂ ತುಂಡಾದ್ರೆ ಸೂಜಿ ಕೆಳಗೆ ಬಾಬಿನ್ ಕೂರೋ ಶಟಲ್ ಬಿಚ್ಚಿ. ಒಳಗೆ ನೂಲಿನ ಚೂರು ಸಿಕ್ಕೊಂಡಿರುತ್ತೆ. ಇದ್ದೇ ಇರುತ್ತೆ."

ಹೀಗೇ ಎಲ್ಲಾ ಪುಟ. ಹೇಳುತ್ತಾ ಹೇಳುತ್ತಾ ಯಜಮಾನರ ದನಿ ತನ್ನ ಬಾಯಲ್ಲಿ ಬಂದಂತಾಗಿ ಒಂದೆರಡು ಸಲ ನಿಲ್ಲಿಸಿದಳು. ಮೈದುನ ಕೀಬೋರ್ಡಿನ ಧೂಳು ಊದುತ್ತಾ ಕೂತ.

ಸೈಟು ಏಳತೊಡಗಿತು. ಐದನೇ ಪುಟ, ಮೂರನೇ ಪುಟ. ಒಂದು ದಿನ ಮೈದುನ ಬೋರ್ಡಿನ ಬಣ್ಣ ಕೈಲಿರುವಂತೆಯೇ ಓಡಿಬಂದ. "ಅತ್ತಿಗೆ, ಮೊದಲನೇ ಪುಟ. ಮೊದಲನೇ ಸಾಲು. ದಿನಾ ಸೈಟಿಗೆ ಜನ ಸಂತೆ ಸೇರಿದ ಹಾಗೆ ಬರ್ತಿದಾರೆ."

ಆಕೆ ತಲೆ ಬಾಚಿಕೊಂಡು, ಕನ್ನಡಕ ಹಾಕಿಕೊಂಡು ಫೋನಿನ ಮುಂದೆ ಕೂತಳು. (ಫೋನಿನಲ್ಲಿ ಮುಖ ಕಾಣುವುದಿಲ್ಲ, ಆದರೂ.) ಸಂತೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ವಾರ ಕಳೆಯಿತು. ಕೊನೆಗೊಮ್ಮೆ ಫೋನು ಬಂತು. ಹೊಲಿಗೆಯ ಹೆಂಗಸು.

"ಥ್ಯಾಂಕ್ಸ್ ಹೇಳೋಕೆ ಮಾಡ್ದೆ ಅಮ್ಮ. ಓದಿದೆ, ಮಾಡಿದೆ, ಸರಿಹೋಯ್ತು."

"ಬೆಲ್ಟು ನೋಡಿದ್ರಾ?"

"ನೋಡ್ದೆ. ಬರೆದಿದೀರಲ್ಲ."

"ಎಣ್ಣೆ?"

"ಅದೂ ಬರೆದಿದೀರಿ. ಕೇಳೋಕೆ ಏನೂ ಉಳಿಸಿಲ್ಲ ನೀವು."

"ಡಾಕ್ಟರು ಹೊರಗೆ ಹೋಗಿದಾರೆ. ಬಂದ್ಮೇಲೆ ಒಂದು ಮಾತು..."

"ಅಯ್ಯೋ ಬೇಡಮ್ಮ. ಅವರಿಗ್ಯಾಕೆ ತೊಂದರೆ." ಇಟ್ಟುಬಿಟ್ಟಳು.

ಸಂಜೆ ಮೈದುನ ಬಂದಾಗ ಆಕೆ ಅವನನ್ನೇ ಹಿಡಿದಳು. "ನಂಬರು ತಪ್ಪು ಹಾಕಿದೀಯ ಕಣೋ."

"ಸರಿಯಾಗಿದೆ ಅತ್ತಿಗೆ. ನೋಡಿ ಬೇಕಾದ್ರೆ."

ಆಕೆ ಕಂಪ್ಯೂಟರ್ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿ ಫೋನು ಕಿವಿಗಿಟ್ಟಳು. ಒಳಗಿನ ಹೆಣ್ಣುದನಿ ಬಲು ಮರ್ಯಾದೆಯಿಂದ ಹೇಳಿತು: ನೀವು ಕರೆ ಮಾಡಿರುವ ವ್ಯಕ್ತಿ ಬೇರೊಂದು ಕರೆಯಲ್ಲಿದ್ದಾರೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.

"ಬಿಜಿ ಇದಾರಂತೆ" ಅಂದಳು.

ಮೈದುನ ನಗು ತಡೆದುಕೊಂಡ. "ಅತ್ತಿಗೆ, ಅದೇ ಫೋನಿಂದ ಅದೇ ಫೋನಿಗೆ ಮಾಡಿದ್ರೆ ಹಾಗೇ ಹೇಳೋದು."

"ಗೊತ್ತು ಕಣೋ" ಅಂದಳು ಆಕೆ. "ಸುಮ್ನಿರು. ಇನ್ನೊಂದು ಸಲ ಕೇಳ್ತೀನಿ."