ಮೂತಿಗೂ ಬಾಲಕ್ಕೂ ಸಮಪಾಲು

ಅನ್ಯಾಯ ಕಂಡಲ್ಲಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕಾಪುವಿನ ಕಡಲತೀರದ ಥರ್ಮೋಕೋಲ್ ಕಸದ ವಿರುದ್ಧ ನಾನು ಬರೆದ ಮನವಿಗಳನ್ನು ಒಟ್ಟಿದರೆ ಅದೇ ಇನ್ನೊಂದು ಕಸದ ರಾಶಿಯಾದೀತು ಎಂದು ಪತ್ನಿ ಲೀನಾ ಹೇಳುವುದುಂಟು. ಹೀಗಿರುವಾಗ, ನಮ್ಮ ಮನೆಗೆ ಮೀನು ತರುವ ಗಿರಿಜಕ್ಕನಿಗೇ ಅನ್ಯಾಯವಾದರೆ ಸಹಿಸುವುದು ಸಾಧ್ಯವೇ?

"ಸರ್ಫಿಂಗ್ ಕಲಿಸುವವರು ನಂಗೆ ಪ್ರಾಯ ಆಯ್ತು ಅಂದ್ರು ಮಾಸ್ಟ್ರೇ," ಎಂದರು ಗಿರಿಜಕ್ಕ. "ಒಂದು ಹುಡುಗಿ ಅಲೆಯ ಮೇಲೆ ಆ ಉದ್ದ ಹಲಗೆಯ ಮೂತಿಯಲ್ಲಿ, ಮುಂದಿನ ತುದಿಯಲ್ಲೇ, ನೆಟ್ಟಗೆ ನಿಂತು ಬಂದ್ಲು. ನಂಗೂ ಒಮ್ಮೆ ಹಾಗೆ ನಿಲ್ಬೇಕಂತ ಆಸೆ ಉಂಟು. ಇಷ್ಟು ವರ್ಷ ಮೀನು ಮಾರಿದೆ, ಸಮುದ್ರದ ಮೇಲೆ ಒಮ್ಮೆಯೂ ಹೋದದ್ದಿಲ್ಲ. ದೋಣಿಗೆ ಹೆಂಗಸರನ್ನು ಹತ್ತಿಸ್ತಾರಾ?"

ವಯೋಭೇದ! ಲಿಂಗಭೇದ! ಒಂದೇ ಉಸಿರಿನಲ್ಲಿ ಎರಡು ಅನ್ಯಾಯ! "ಹಲಗೆಯನ್ನು ನಾನೇ ಮಾಡಿಕೊಡುತ್ತೇನೆ," ಎಂದು ಘೋಷಿಸಿದೆ. ಅದುವರೆಗೆ ನಾನು ಮಾಡಿದ್ದ ಏಕೈಕ ಮರಗೆಲಸವೆಂದರೆ ಘೋಷಣಾ ಫಲಕಕ್ಕೆ ಕೋಲು ಬಡಿದದ್ದು.

ಸರ್ಫಿಂಗ್ ಹಲಗೆಗೆ ಎಲ್ಲರೂ ಬಳಸುವ ಫೋಮ್ ಥರ್ಮೋಕೋಲಿನ ತಮ್ಮ; ಹಾಗಾಗಿ ನಿಷಿದ್ಧ. ಅಜೆಕಾರಿನ ಮರದ ಮಿಲ್ಲಿನಿಂದ ಹಾಲುವಾಣ ಮರದ ಹಗುರ ಹಲಗೆಗಳನ್ನು ತಂದು, ಒಂದಕ್ಕೊಂದು ಅಂಟಿಸಿ, ಒಂಬತ್ತೂವರೆ ಅಡಿಯ ಬೋರ್ಡನ್ನು ಅಂಗಳದಲ್ಲಿ ಮಲಗಿಸಿದೆ. ಆಕಾರ ಕೊಡುವ ಮುನ್ನ ವಿಡಿಯೋಗಳನ್ನು ನೋಡಿದೆ. ಮೂತಿಯಲ್ಲಿ ಮನುಷ್ಯ ನಿಲ್ಲಬೇಕಾದರೆ ಬಾಲ ದಪ್ಪಗಿರಬೇಕಂತೆ; ನೀರು ಅದನ್ನು ಕೆಳಕ್ಕೆಳೆದು ಹಿಡಿದಿರಬೇಕಂತೆ. ಅಂದರೆ, ಹಿಂದಿನವರು ಮುಳುಗಿ ಭಾರ ಹೊರಬೇಕು, ಮುಂದಿನವರು ಮೆರೆಯಬೇಕು! ಇದು ಶೋಷಣೆಯ ನೀಲನಕ್ಷೆಯಲ್ಲದೆ ಮತ್ತೇನು?

ನಾನು ಸಮಾನತೆಯನ್ನು ಜಾರಿಗೆ ತಂದೆ. ಬೋರ್ಡಿನ ನಡುಭಾಗವನ್ನು ತೆಂಗಿನ ಕೊರಡಿನ ಮೇಲಿಟ್ಟೆ. ಬಾಲ ತಗ್ಗಿತು. ಹತ್ತರಿ ಹಿಡಿದು ಬಾಲವನ್ನು ಕೀಸಿದೆ. ಮೂತಿ ತಗ್ಗಿತು. ಮೂತಿಯನ್ನು ಕೀಸಿದೆ. ಮತ್ತೆ ಬಾಲ! ಮೂರು ದಿನ ಇದೇ ನಡೆಯಿತು.

"ಇದು ಹಲಗೆಯಾ, ತಕ್ಕಡಿಯಾ ಮಾರಾಯ್ರೇ?" ಲೀನಾ ಕೇಳಿದಳು.

"ಇದು ನ್ಯಾಯ."

"ನ್ಯಾಯ ತೇಲ್ತದಾ?"

ಹಿಂದೆ ದೋಣಿಗಳಿಗೆ ಬಳಿಯುತ್ತಿದ್ದ ಗೇರುಸಿಪ್ಪೆಯ ಎಣ್ಣೆಯನ್ನು ಬೋರ್ಡಿಗೆ ಬರಿಗೈಯಿಂದ ಬಳಿದೆ. ಅಂಗೈ ಸುಟ್ಟು ಚರ್ಮ ಎದ್ದಿತು. ಪಾರಂಪರಿಕ ಜ್ಞಾನದ ಕುರಿತ ನನ್ನ ಯಾವ ಭಾಷಣದಲ್ಲೂ ಕೈಗವಸಿನ ಉಲ್ಲೇಖವಿರಲಿಲ್ಲ!

ಭಾನುವಾರ ಗಿರಿಜಕ್ಕ ಮಗನ ಬರ್ಮುಡಾದ ಮೇಲೆ ಲೈಫ್ ಜಾಕೆಟ್ ತೊಟ್ಟು ಕಡಲತೀರಕ್ಕೆ ಬಂದರು. ಸೊಂಟಮಟ್ಟದ ನೀರಿನಲ್ಲಿ ಬೋರ್ಡ್ ಹತ್ತಿ, ನಾಲ್ಕು ಹೆಜ್ಜೆ ಮುಂದಿಟ್ಟು ಮೂತಿ ತಲುಪಿದರು. ಮೂತಿ, ಮೀನು ಕಂಡ ಮಿಂಚುಳ್ಳಿಯಂತೆ ನೇರ ನೀರಿಗಿಳಿಯಿತು. ಗಿರಿಜಕ್ಕನೂ ಇಳಿದರು. ಎರಡನೆಯ ಸಲವೂ. ಮೂರನೆಯ ಸಲವೂ.

"ಬಿಡಿ ಮಾಸ್ಟ್ರೇ," ಎಂದರು ಮುಖದ ಉಪ್ಪುನೀರು ಒರೆಸುತ್ತಾ. "ನನ್ನ ಹಣೆಯಲ್ಲಿ ಬರೆದಿಲ್ಲ."

ಆ ಮಾತು ಗೇರೆಣ್ಣೆಗಿಂತ ಹೆಚ್ಚು ಸುಟ್ಟಿತು. ಹಣೆಬರಹವಲ್ಲ ತಾಯಿ, ನನ್ನ ಹತ್ತರಿ! ಒಪ್ಪಿಕೊಂಡೆ. "ಬಾಲದಲ್ಲಿ ಭಾರ ಸಾಲದು."

"ಭಾರಕ್ಕೆಂತ ಬರಗಾಲ?" ಬೋರ್ಡ್ ಹಿಡಿದು ನಿಂತಿದ್ದ ಲೀನಾ ನನ್ನ ಹೊಟ್ಟೆಯತ್ತ ಬೆರಳು ತೋರಿದಳು. "ತೊಂಬತ್ತೆರಡು ಕಿಲೋ ಇಲ್ಲೇ ಸುಮ್ಮನೆ ನಿಂತುಂಟಲ್ವಾ?"

ಹೀಗೆ ನಾನು ಬಾಲದ ಮೇಲೆ ಬೋರಲು ಮಲಗಿದೆ. ನನ್ನ ಅರ್ಧಭಾಗ ನೀರಿನೊಳಗೆ. ಅಲೆ ಬಂತು. ಲೀನಾ ದೂಡಿದಳು. ಗಿರಿಜಕ್ಕ ಒಂದೊಂದೇ ಹೆಜ್ಜೆಯಿಟ್ಟು ಮೂತಿಗೆ ಹೋದರು. ನಿಂತರು! ಕೈಗಳನ್ನು ಅಗಲಿಸಿ, ತಲೆಯ ಮೇಲೆ ಬುಟ್ಟಿ ಇರುವವರಷ್ಟೇ ನೆಟ್ಟಗೆ, ಸಮುದ್ರದ ಮೇಲೆ ನಿಂತರು. ದಡದಿಂದ ಶಿಳ್ಳೆಗಳು ಕೇಳಿಸಿದವು.

"ಇದೊಂದು ಐತಿಹಾಸಿಕ..." ಎಂದು ಆರಂಭಿಸಿದೆ. ಬಾಯಿಗೆ ನೀರು ನುಗ್ಗಿತು.

"ಮಾಸ್ಟ್ರೇ, ಬಾಯಿ ಮುಚ್ಚಿ!" ಗಿರಿಜಕ್ಕ ತಿರುಗದೆಯೇ ಕೂಗಿದರು. "ನೀವು ಮಾತಾಡಿದ್ರೆ ಹಲಗೆ ಅಲ್ಲಾಡ್ತದೆ!"

ಮುಚ್ಚಿದೆ. ಹತ್ತು ಮಾರು ದೂರ ನಗುತ್ತಾ ಸಾಗಿದರು ಗಿರಿಜಕ್ಕ.

ಮಹಿಳೆಯರ ಪರವಾಗಿ ನಾನು ಇಪ್ಪತ್ತು ವರ್ಷಗಳಿಂದ ಮಾತನಾಡುತ್ತಿದ್ದೇನೆ. ಅವರಲ್ಲೊಬ್ಬರಿಗಾದರೂ ಪ್ರಯೋಜನಕ್ಕೆ ಬಂದದ್ದು, ಬಾಯಿ ಮುಚ್ಚಿಕೊಂಡಿದ್ದ ಆ ಹತ್ತು ಮಾರು ಮಾತ್ರ!