ಚಿಕ್ಕಪ್ಪನ ಗಜಾಯದ ಕಿಟಕಿಗಳು

ನಮ್ಮ ಚಿಕ್ಕಪ್ಪ ತಮ್ಮ ಜೀವಮಾನದಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಹೀಗೆಂದು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಒಮ್ಮೆ ಕೈವಾರಕ್ಕೆ ಹೊರಟವರು ಪೇಪರ್ ಓದುತ್ತಾ ಮುರುಗಮಲ್ಲದ ಬಸ್ಸು ಹತ್ತಿ ದರ್ಗಾದ ಹತ್ತಿರ ಇಳಿದರು. ಮನೆಗೆ ಬಂದು ಹೇಳಿದ್ದೇನು ಗೊತ್ತೇ? "ಆ ಡ್ರೈವರ್‌ಗೆ ದಾರೀನೇ ಗೊತ್ತಿಲ್ಲ ಕಣಪ್ಪ." ಇಂಥವರೊಡನೆ ವಾದ ಮಾಡಿ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಸೋತವರ ಸಂಘಕ್ಕೆ ಚಿಕ್ಕಮ್ಮನೇ ಅಧ್ಯಕ್ಷೆ.

ಅಂಥ ಚಿಕ್ಕಪ್ಪ ಮನೆಯ ಕಿಟಕಿ ಬದಲಾಯಿಸಲು ಹೊರಟರು!

ಚಿಂತಾಮಣಿಯ ಆ ಮನೆ ನಮ್ಮ ತಾತ ಕಟ್ಟಿಸಿದ್ದು. ಆ ಕಾಲದಲ್ಲಿ ಕಬ್ಬಿಣದ ಚೌಕಟ್ಟಿನ ಕಿಟಕಿ ಎಂದರೆ ಭಾರಿ ಮರ್ಯಾದೆಯಂತೆ. ಮರದ ಕಿಟಕಿಯವರು ಬಂದು ನೋಡಿ ಹೊಟ್ಟೆ ಉರಿದುಕೊಂಡು ಹೋಗುತ್ತಿದ್ದರಂತೆ. ಈಗ ಅವುಗಳಲ್ಲಿ ತೆರೆದದ್ದು ಮುಚ್ಚುವುದಿಲ್ಲ, ಮುಚ್ಚಿದ್ದು ತೆರೆಯುವುದಿಲ್ಲ. ತುಕ್ಕು ತಿಂದು ಚೌಕಟ್ಟು ಸೊಟ್ಟಗಾಗಿ, ಗಾಜಿಗೂ ಕಬ್ಬಿಣಕ್ಕೂ ನಡುವೆ ಬೆರಳು ತೂರುವಷ್ಟು ಸಂದು. ಒಂದಕ್ಕೆ ಸೆಣಬಿನ ಹಗ್ಗ ಕಟ್ಟಿದೆ, ಇನ್ನೊಂದಕ್ಕೆ ಮಡಚಿದ ಪೇಪರ್ ತುರುಕಿದೆ, ಅಡುಗೆಮನೆಯದಕ್ಕೆ ಸೌಟಿನ ಹಿಡಿ. ಹುಳಿ ಬಡಿಸಬೇಕಾದರೆ ಕಿಟಕಿಯ ಅಪ್ಪಣೆ ಕೇಳಬೇಕಿತ್ತು.

ಮನೆಯ ಮುಂದೆಯೇ ದೊಡ್ಡ ರಸ್ತೆ. ಟೊಮೆಟೊ ಲಾರಿ ಹಾದಾಗಲೆಲ್ಲ ಧೂಳು ಆ ಸಂದುಗಳಿಂದ ನೇರ ಒಳಗೆ ಬರುತ್ತಿತ್ತು. ನಮಗಾದರೆ ಒರೆಸಿಕೊಂಡರಾಯಿತು. ಆದರೆ ಚಿಕ್ಕಮ್ಮನಿಗೆ ಉಬ್ಬಸ. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಸಿಳ್ಳೆ, ಆಮೇಲೆ ಆಸ್ಪತ್ರೆ. ಹೋದ ವರ್ಷವಂತೂ ನಾವೆಲ್ಲ ಹೆದರಿಬಿಟ್ಟಿದ್ದೆವು. "ಔಷಧಿ ನಾನು ಕೊಡ್ತೀನಿ, ಧೂಳು ನೀವು ನಿಲ್ಲಿಸಿ. ಚಳಿಗಾಲಕ್ಕೆ ಮುಂಚೆ ಆಗ್ಬೇಕು" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಬೇರೆಯವರಾಗಿದ್ದರೆ ಮಾರನೆಯ ದಿನವೇ ಕಿಟಕಿಯವನನ್ನು ಕರೆಸುತ್ತಿದ್ದರು. ಚಿಕ್ಕಪ್ಪ ರೇಷ್ಮೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅವರ ಯೌವನವೆಲ್ಲ ಶಿಡ್ಲಘಟ್ಟದ ಸುತ್ತಮುತ್ತ, ಹುಳು ಸಾಕುವ ಮನೆಗಳಲ್ಲೇ ಕಳೆಯಿತು. ಹುಳುವಿಗೆ ಎಷ್ಟು ಗಾಳಿ, ಎಷ್ಟು ಶಾಖ, ಎಷ್ಟು ತೇವ ಎಂಬುದು ಬಾಯಿಪಾಠ. 

"ಹುಳಕ್ಕೇ ಲೆಕ್ಕ ಹಾಕಿ ಗಾಳಿ ಬಿಡ್ತೀವಿ. ಕಿಟಕಿ ಅಂದ್ರೆ ಹುಡುಗಾಟಾನಾ?" ಎಂದರು.

"ನಾನೇನು ಹುಳಾನಾ?" ಎಂದರು ಚಿಕ್ಕಮ್ಮ.

"ಹುಳ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

"ಹುಳ ಆಗಿದ್ರೆ ತಿಂಗಳೊಳಗೆ ಗೂಡು ಕಟ್ಕೊಂಡು ಒಳಗೆ ಸೇರ್ಕೊಂಬಿಡ್ತಿದ್ದೆ ಕಣ್ರೀ. ನಿಮ್ಮ ಮಾತಾದ್ರೂ ತಪ್ತಿತ್ತು."

ಆಮೇಲೆ ಶುರುವಾಯಿತು ವಧುಪರೀಕ್ಷೆ. ಕಾರು ನನ್ನದು, ಭಾನುವಾರವೂ ನನ್ನದು, ಪರೀಕ್ಷೆ ಮಾತ್ರ ಅವರದು. "ಅಂಗಡಿಗೇ ಹೋಗಣ ಚಿಕ್ಕಪ್ಪ, ಎಲ್ಲಾ ಥರದ್ದೂ ಇಟ್ಟಿರ್ತಾರೆ" ಎಂದೆ. "ಅಂಗಡೀಲಿ ಇರೋದು ಫೋಟೋಗೆ ಕೂತ ಹೆಣ್ಣು ಕಣಪ್ಪ. ಮನೇಲಿ ಹೆಂಗಿರ್ತದೆ ಅಂತ ನೋಡ್ಬೇಕು" ಎಂದರು. ಹೀಗಾಗಿ ಹೊಸ ಕಿಟಕಿ ಹಾಕಿಸಿದ ನೆಂಟರಿಷ್ಟರ ಮನೆಗಳಿಗೆಲ್ಲ ನಮ್ಮ ಸವಾರಿ ಹೊರಟಿತು.

ಚಿಕ್ಕಬಳ್ಳಾಪುರದ ಮನೆಯಲ್ಲಿ ಇದ್ದದ್ದು ಅಲ್ಯೂಮಿನಿಯಂ. ಚಿಕ್ಕಪ್ಪ ಎದುರಿಗೆ ಕೂತು ವಿಚಾರಣೆ ಆರಂಭಿಸಿದರು. ಯಾವ ಊರಿನ ಸರಕು, ಮಳೆಗಾಲದಲ್ಲಿ ನಡತೆ ಹೇಗೆ, ಸದ್ದುಗದ್ದಲ ಮಾಡುತ್ತದೆಯೇ? ಎರಡು ಸಲ ಅತ್ತಿತ್ತ ಜರುಗಿಸಿ ನಡಿಗೆ ನೋಡಿದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಮನೇಲಿ ಮಾತಾಡ್ಕೊಂಡು ತಿಳಿಸ್ತೀವಿ" ಎಂದು ಕೈಮುಗಿದರು. ಆ ಮನೆಯವರು ನಮಗೆ ಏನನ್ನೂ ಮಾರುತ್ತಿರಲಿಲ್ಲ, ಪಾಪ! ಕಾರಿನಲ್ಲಿ ಕೂತ ಮೇಲೆ ತೀರ್ಪು ಬಂತು: "ಬಡಕಲು. ನಮ್ಮನೆ ಗಾಳೀಗೆ ತಡ್ಕೊಳ್ಳೋದಿಲ್ಲ." 

ಗೌರಿಬಿದನೂರಿನಲ್ಲಿ ತೇಗದ ಕಿಟಕಿ ನೋಡಿದೆವು. ಅಲ್ಲಿ ಬಜ್ಜಿ ಇತ್ತು. "ರೂಪ ಏನೋ ಇದೆ. ಆದ್ರೆ ಮಳೆ ಬಿದ್ರೆ ಉಬ್ಬಿಕೊಳ್ತದೆ. ಮುನಿಸು ಜಾಸ್ತಿ" ಎಂದು ಅದನ್ನೂ ತಳ್ಳಿಹಾಕಿದರು.

ಶಿಡ್ಲಘಟ್ಟದಲ್ಲಿ ಅವರ ಹಳೆಯ ಪರಿಚಯದ ರೇಷ್ಮೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಬಿಳಿಯ ಯುಪಿವಿಸಿ ಕಿಟಕಿಗಳಿದ್ದವು. ಚಿಕ್ಕಪ್ಪ ಬೆರಳಿನಿಂದ ತಟ್ಟಿ ನೋಡಿ, "ಪ್ಲಾಸ್ಟಿಕ್ಕು. ಬಕೆಟ್ಟಿನ ಜಾತಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಮನೆಯಾಕೆ ಬಂದು, "ಒಂದು ಮಾತ್ರ ಹೇಳ್ತೀನಿ ಸಾರ್, ಇದು ಬಂದ್ಮೇಲೆ ಮನೇಲಿ ಧೂಳೇ ಇಲ್ಲ" ಎಂದರು. "ಧೂಳೇ ಇಲ್ವೇನಮ್ಮ?" ಎಂದು ಚಿಕ್ಕಪ್ಪ ಕೇಳಿದರು. ಕೇಸರಿಬಾತ್ ತಿನ್ನುವಾಗ ಇನ್ನೊಮ್ಮೆ ಕೇಳಿದರು. ಚಪ್ಪಲಿ ಮೆಟ್ಟುವಾಗ ಮತ್ತೊಮ್ಮೆ ಕೇಳಿದರು. ಕಾರು ಊರು ದಾಟಿತು. ಆಮೇಲೆ, "ಜಾತಿ ಕಟ್ಕೊಂಡು ಏನಾಗ್ಬೇಕೋ? ಗುಣ ನೋಡ್ಬೇಕು" ಎಂದರು. ಸಂಬಂಧ ಕುದುರಿತು.

ಕಿಟಕಿಯವನು ಬಂದು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಮನೆ ಕಟ್ಟುವಾಗ ಆಯ ನೋಡುವ ಪದ್ಧತಿ ಇದೆಯಲ್ಲ! ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದ ಪ್ರಕಾರ ಆನೆಯೋ ಸಿಂಹವೋ ಬಂದರೆ ಶುಭ, ನಾಯಿಯೋ ಕಾಗೆಯೋ ಬಂದರೆ ಅಶುಭ. ಇದನ್ನು ಗೋಡೆ ಏಳುವ ಮುಂಚೆ ನೋಡಬೇಕು ಎಂಬ ಸಣ್ಣ ವಿಷಯವನ್ನು ಚಿಕ್ಕಪ್ಪ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾರಿಗೂ ಹೇಳದೆ ಕಿಟಕಿಯವನಿಗೆ ಫೋನ್ ಮಾಡಿ ಅಳತೆ ತಿದ್ದಿಸಿದರು.

ಕಾರ್ತಿಕ ಕಳೆದು ಚಳಿ ಇಣುಕುತ್ತಿತ್ತು. ಚಿಕ್ಕಮ್ಮನನ್ನು ಪಕ್ಕದ ಬೀದಿಯ ನಮ್ಮ ಮನೆಗೆ ಕಳಿಸಿ ಕೆಲಸ ಶುರು ಮಾಡಿದೆವು. ಹಳೆಯ ಕಿಟಕಿಗಳನ್ನೆಲ್ಲ ಕಿತ್ತು ಹೊರಗೆ ಹಾಕಿದ್ದಾಯಿತು. ಹೊಸದನ್ನು ನಾಲ್ಕು ಜನ ಎತ್ತಿ ಹಿಡಿದರು. ಕೂರಲಿಲ್ಲ. ತಿರುಗಿಸಿ ಹಿಡಿದರು, ಆಗಲೂ ಕೂರಲಿಲ್ಲ. ಮದನಪಲ್ಲಿ ಕಡೆಯ ಫಿಟ್ಟರ್ ತಲೆ ಕೆರೆದುಕೊಂಡು, "ಏಂದಿ ಸಾರ್ ಇದಿ?" ಎಂದು ತೆಲುಗಿನಲ್ಲಿ ಕೇಳಿದ.

ಆಗ ಗುಟ್ಟು ಹೊರಬಿತ್ತು. "ಹಳೇ ಅಳತೆಗೆ ಶ್ವಾನಾಯ ಬರ್ತದೆ ಕಣಪ್ಪ. ಇಷ್ಟು ವರ್ಷ ಕಿಟಕೀಲಿ ನಾಯಿ ಕೂತಿತ್ತು. ಇವಳಿಗೆ ಉಬ್ಬಸ ಬರದೆ ಇನ್ನೇನು ಬರ್ತದೆ? ಅದಕ್ಕೇ ಒಂದೊಂದು ಅಂಗುಲ ಸೇರಿಸಿದೆ. ಈಗ ಗಜಾಯ."

"ಆನೆ ಒಳಗೆ ಹೋಗ್ತಾ ಇಲ್ವಲ್ಲ ಚಿಕ್ಕಪ್ಪ!"

ಅವರು ಕಿಟಕಿಯನ್ನು ನೋಡಿದರು, ಗೋಡೆಯನ್ನು ನೋಡಿದರು. "ಕಿಟಕಿ ಸರಿಯಾಗೇ ಇದೆ. ಗೋಡೆ ಚಿಕ್ಕದಾಗಿದೆ" ಎಂದರು.

ಬೇರೆ ಮಾಡಿಸೋಣವೆಂದರೆ ಸಂಕ್ರಾಂತಿ ದಾಟುತ್ತಿತ್ತು. ಅಲ್ಲಿಯವರೆಗೆ ಬೋಳು ಕಿಟಕಿಯ ಮನೆಯಲ್ಲಿ ಚಿಕ್ಕಮ್ಮ ಇರುವುದು ಹೇಗೆ? ಗೋಡೆಯನ್ನೇ ಕತ್ತರಿಸುವುದೆಂದಾಯಿತು. ಧೂಳು ನಿಲ್ಲಿಸಲು ಹೊರಟವರ ಮನೆಯಲ್ಲಿ ಎಂಥ ಧೂಳು ಎದ್ದಿತೆಂದರೆ, ಎದುರಿಗಿದ್ದ ಚಿಕ್ಕಪ್ಪನೇ ನನಗೆ ಕಾಣಲಿಲ್ಲ. ಅದೇ ಹೊತ್ತಿಗೆ ಚಿಕ್ಕಮ್ಮನ ಫೋನು: "ಆಯ್ತೇನೋ ಕಿಟಕಿ?" ಧೂಳಿನೊಳಗಿಂದ ಒಂದು ಕೈ ಬಂದು ಫೋನು ಕಿತ್ತುಕೊಂಡಿತು. "ಆಗ್ತಾ ಇದೆ ಕಣೇ. ಗೋಡೆಗೆ ಸ್ವಲ್ಪ ಬುದ್ಧಿ ಹೇಳ್ತಾ ಇದೀವಿ." 

ಕೆಲಸದವರು ಹೋದ ಮೇಲೆ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿದರು. ರೇಷ್ಮೆ ಗೂಡಿನ ಒಂದು ಬೆಳೆ ಮುಗಿದ ಮೇಲೆ ಹುಳು ಮನೆಯನ್ನು ತೊಳೆಯುವಂತೆ ಇಡೀ ಮನೆ ತೊಳೆದರು. ಫ್ಯಾನಿನ ರೆಕ್ಕೆ, ಬಾಗಿಲಿನ ನೆತ್ತಿ, ದೇವರ ಪಟಗಳ ಬೆನ್ನು, ಒಂದನ್ನೂ ಬಿಡಲಿಲ್ಲ. ನಾನು ಬಕೆಟ್ ಮುಟ್ಟಿದರೆ "ನಿನಗೆ ಬರಲ್ಲ" ಎಂದು ಗದರಿದರು. ಕೊನೆಗೆ ಬಿಳಿ ಟವಲಿನಿಂದ ಗೋಡೆ ಒರೆಸಿ, ಟವಲು ಬಿಳಿಯಾಗೇ ಉಳಿದ ದಿನ ಚಿಕ್ಕಮ್ಮನನ್ನು ಕರೆತರಲು ಅಪ್ಪಣೆಯಾಯಿತು. "ಮದುವೆಯಾಗಿ ಇಷ್ಟು ವರ್ಷಕ್ಕೆ ಪೊರಕೆ ಹಿಡಿದ್ರಲ್ಲ, ಆನೆ ಪ್ರಭಾವ ನಿಜವೇ ಇರ್ಬೇಕು" ಎಂದರು ಚಿಕ್ಕಮ್ಮ.

ಪುಷ್ಯದ ಚಳಿ ಬಿತ್ತು. ಬೆಳಗಿನ ಮಂಜಿಗೆ ಅಂಬಾಜಿದುರ್ಗದ ಬೆಟ್ಟವೇ ಕಾಣದ ದಿನಗಳು. ಪ್ರತಿವರ್ಷ ಈ ವೇಳೆಗೆ ಆಸ್ಪತ್ರೆಗೆ ಕಾರು ತಾ ಎಂಬ ಫೋನ್ ಬರುತ್ತಿತ್ತು. ಈ ಸಲ ಬರಲಿಲ್ಲ. ಒಂದು ಮಧ್ಯಾಹ್ನ ನಾನೇ ನೋಡಿಕೊಂಡು ಬರೋಣವೆಂದು ಹೋದೆ. ಚಿಕ್ಕಪ್ಪ ಮಲಗುವ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಅಂಗಾತ ಮಲಗಿದ್ದಾಳೆ ನೋಡೋ" ಎಂದು ಪಿಸುಗುಟ್ಟಿದರು.

ಒಳಗೆ ಚಿಕ್ಕಮ್ಮ ಒಂದೇ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಅದರಲ್ಲೇನು ವಿಶೇಷವೆಂದು ನನಗೆ ಹೊಳೆಯಲಿಲ್ಲ.

"ಚಳಿಗಾಲ ಬಂದ್ರೆ ಇವಳು ಮಲಗ್ತಾನೇ ಇರ್ಲಿಲ್ಲ ಕಣಪ್ಪ. ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲ. ಗೋಡೆಗೆ ಒರಗಿ, ಕೂತ್ಕೊಂಡೇ ನಿದ್ದೆ."

ಮಂಚದ ಪಕ್ಕದಲ್ಲಿ ಚಿಕ್ಕಪ್ಪನ ಈಸಿಚೇರ್ ಇತ್ತು. ಚಳಿಗಾಲದಲ್ಲಿ ಅವರು ಅದರಲ್ಲೇ ನಿದ್ದೆ ಮಾಡುವುದು ನಮಗೆಲ್ಲ ಗೊತ್ತಿತ್ತು. ಮಂಚ ಬಿಟ್ಟು ಕುರ್ಚಿಯಲ್ಲಿ ಮಲಗುವ ವಿಚಿತ್ರ ಮನುಷ್ಯ ಎಂದು ಮನೆಮಂದಿ ನಗುತ್ತಿದ್ದೆವು. "ಮತ್ತೆ ನೀವ್ಯಾಕೆ ಚಿಕ್ಕಪ್ಪ ಕುರ್ಚೀಲಿ ಮಲಗ್ತಿದ್ರಿ?" ಎಂದು ಕೇಳಿದೆ.

"ಅವಳು ಕೂತಿರೋವಾಗ ನಾನು ಹೆಂಗೋ ಕಾಲು ಚಾಚಲಿ?" 

ಚಿಕ್ಕಪ್ಪ ಸದ್ದಾಗದಂತೆ ಈಸಿಚೇರನ್ನು ಮಡಚಿ ಮೂಲೆಗೆ ಇಟ್ಟರು. ಮಂಚದ ಆ ಬದಿಗೆ ಹೋಗಿ ಮೆಲ್ಲಗೆ ಕೂತರು. "ಹೋಗೋವಾಗ ಬಾಗಿಲು ಮುಂದಕ್ಕೆ ಹಾಕ್ಕೊಂಡು ಹೋಗಪ್ಪ" ಎಂದು ಹೇಳಿ, ಚಿಕ್ಕಮ್ಮನ ಪಕ್ಕದಲ್ಲಿ ಕಾಲು ಚಾಚಿ ಮಲಗಿದರು.